ಎರೆ ಹಿಡಿಯುವಲ್ಲಿಂದಲೇ ಅದಬ್ ಶುರುವಾಗಲಿ

ಮಳೆಗಾಲ ಮುಗಿದು ಕಡಲು ಸ್ವಲ್ಪ ಶಾಂತವಾದರೆ ಸಾಕು, ನಮ್ಮ ಕರಾವಳಿಯ ಮೊಹಲ್ಲಾಗಳಲ್ಲಿ ಗಾಳದ ಸೀಸನ್ ಶುರುವಾಗುತ್ತದೆ. ಉಳ್ಳಾಲ, ಕೋಟೆಪುರ, ಬೆಂಗ್ರೆ, ಸಸಿಹಿತ್ಲು, ಹೆಜಮಾಡಿ, ಗಂಗೊಳ್ಳಿ, ಎಲ್ಲಿ ನೋಡಿದರೂ ಅದೇ ಕಥೆ. ಸುಬ್‌ಹಿ ನಮಾಝ್ ಮುಗಿಸಿ ಸಣ್ಣ ದೋಣಿ ನೂಕುವವರು ಕೆಲವರು, ರಜೆಯಲ್ಲಿ ಊರಿಗೆ ಬಂದು ಹೊಸ ರಾಡ್ ಹಿಡಿದುಕೊಂಡು ಹೊರಡುವವರು ಕೆಲವರು. ಮಧ್ಯಾಹ್ನದೊಳಗೆ ಮೊಬೈಲ್ ಸ್ಟೇಟಸ್‌ನಲ್ಲಿ ಫೋಟೋ ಬಂದಾಯಿತು. ಕೈಯಲ್ಲಿ ನಾಲ್ಕೈದು ಕಿಲೋದ ಕೆಂಬೇರಿ, ಇಲ್ಲವೇ ಮುರು ಮೀನು, ಮುಖದಲ್ಲಿ ನಗು. ನಮಗೂ ಸಂತೋಷವೇ. ಹಲಾಲಾದ ಹವ್ಯಾಸ, ಮನೆಗೆ ತಾಜಾ ಮೀನು, ಬೇಡದ ಚಟಗಳಿಂದ ಮಕ್ಕಳು ದೂರ. ಇದರಲ್ಲಿ ತಪ್ಪು ಎಣಿಸಲಿಕ್ಕೆ ನಾವು ಹೊರಟಿಲ್ಲ.

ಆದರೆ ಆ ಫೋಟೋದಲ್ಲಿ ಕಾಣದ ಒಂದು ಬಕೆಟ್ ಉಂಟು. ಅದರಲ್ಲಿ ಎರೆಗೆಂದು ಹಿಡಿದ ಸಣ್ಣ ಎಟ್ಟಿ, ಮೀನು ಮರಿಗಳು ಇರುತ್ತವೆ. ಆ ಬಕೆಟಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಈ ವಾರ ನಾವು ಅದರ ಬಗ್ಗೆಯೇ ನಾಲ್ಕು ಮಾತು ಬರೆಯುತ್ತೇವೆ.

ಗಾಳಕ್ಕೆ ಜೀವಂತ ಎರೆ ಯಾಕೆ ಬೇಕು ಅಂತ ಮೀನು ತಿನ್ನುವ ಮನೆಯವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಕೆಂಬೇರಿ, ಮುರು, ಅಂಜಲ್ ಇವೆಲ್ಲ ಬೇಟೆಯಾಡಿ ತಿನ್ನುವ ಮೀನುಗಳು. ಐಸಿನಲ್ಲಿಟ್ಟ ತುಂಡು ಮೀನಿಗಿಂತ ನೀರಿನಲ್ಲಿ ಮಿಡುಕುವ ಎಟ್ಟಿ, ಬಾಲ ಬಡಿಯುವ ಬಂಗುಡೆ ಅಥವಾ ಬೂತಾಯಿ ಕಂಡರೆ ಬೇಗ ಬಾಯಿ ಹಾಕುತ್ತವೆ. ಕಲ್ಲಿನ ಎಡೆಯಲ್ಲಿ ಅಡಗಿ ಕೂತ ಮುರುವನ್ನು ಹೊರಗೆ ಎಳೆಯಲಿಕ್ಕೆ, ಹರಿವ ನೀರಿನಲ್ಲಿ ಕಾಯುವ ಕೆಂಬೇರಿಯನ್ನು ಕರೆಯಲಿಕ್ಕೆ ಜೀವ ಇರುವ ಎರೆಯಷ್ಟು ಒಳ್ಳೆಯದು ಬೇರೆ ಇಲ್ಲ ಅಂತ ಹಳೆಯ ಗಾಳದವರು ಹೇಳುತ್ತಾರೆ. ಹಾಗಾಗಿ ದೋಣಿ ಕಡಲಿಗೆ ಹೋಗುವ ಮೊದಲು ಇನ್ನೊಂದು ಸಣ್ಣ ಮೀನುಗಾರಿಕೆ ನಡೆಯುತ್ತದೆ. ಅದು ಎರೆ ಹಿಡಿಯುವುದು.

ಈ ಕೆಲಸ ಹೆಚ್ಚಾಗಿ ಅಳಿವೆಯ ಒಳಗೆ, ನದಿಯ ಬದಿಯಲ್ಲಿ ನಡೆಯುತ್ತದೆ. ನೇತ್ರಾವತಿ ಮತ್ತು ಫಲ್ಗುಣಿ ಒಟ್ಟಾಗಿ ಕಡಲು ಸೇರುವ ಜಾಗ, ಶಾಂಭವಿ ಮತ್ತು ನಂದಿನಿ ಸೇರುವ ಜಾಗ, ಗಂಗೊಳ್ಳಿಯ ಪಂಚಗಂಗಾವಳಿ, ಇವೆಲ್ಲ ಎರೆ ಸಿಗುವ ತಾಣಗಳೇ. ಇಳಿತದ ಹೊತ್ತಿನಲ್ಲಿ ಕಾಂಡ್ಲಾ ಗಿಡಗಳ ಎಡೆಯಿಂದ ನೀರು ಹೊರಗೆ ಹರಿಯುವಾಗ ಅದರ ಜೊತೆ ಎಟ್ಟಿ, ಸಣ್ಣ ಮೀನು ಹೊರಗೆ ಬರುತ್ತವೆ. ಅಲ್ಲಿ ಬೀಸು ಬಲೆ ಎಸೆದರೆ ಒಂದೆರಡು ಬೀಸಿನಲ್ಲಿ ದಿನದ ಎರೆ ಆಯಿತು. ಬಲೆ ದುಂಡಗೆ ಬಿಚ್ಚಿ ಬೀಳಬೇಕು, ಸೀಸ ಒಟ್ಟಿಗೆ ತಳ ಮುಟ್ಟಬೇಕು, ಮೆಲ್ಲ ಎಳೆಯಬೇಕು. ಕಲಿತವರ ಕೈಯಲ್ಲಿ ಅದು ನೋಡಲಿಕ್ಕೂ ಚಂದ. ಕಡಲಿಗೆ ಇಳಿದ ಮೇಲೆ ಬಂಗುಡೆಯ ಹಿಂಡು ಸಿಕ್ಕಿದರೆ ಗರಿ ಕಟ್ಟಿದ ಸಣ್ಣ ಗಾಳಗಳ ಸಾಲನ್ನು ಇಳಿಸಿ ಅಲ್ಲೇ ಎರೆ ಎತ್ತುವವರೂ ಇದ್ದಾರೆ. ಈ ಎರಡು ವಿಧಾನಕ್ಕೂ ನಮ್ಮ ತಕರಾರಿಲ್ಲ.

ತಕರಾರು ಇರುವುದು ಈಚೆಗೆ ಹೆಚ್ಚುತ್ತಿರುವ ಇನ್ನೊಂದು ಅಭ್ಯಾಸದ ಬಗ್ಗೆ. ಬೀಸು ಬಲೆ ಎಸೆಯಲಿಕ್ಕೆ ಬಾರದವರು ಸೊಳ್ಳೆ ಪರದೆಯನ್ನೇ ಬಲೆ ಮಾಡಿಕೊಂಡು ಇಬ್ಬರು ಎರಡು ತುದಿ ಹಿಡಿದು ಅಳಿವೆಯ ಬದಿಯನ್ನು ಗೋರುತ್ತಾರೆ. ಸೊಳ್ಳೆ ಪರದೆಯ ಕಣ್ಣಿನಿಂದ ಏನೂ ತಪ್ಪಿಸಿಕೊಳ್ಳುವುದಿಲ್ಲ. ಉಗುರಿನಷ್ಟು ಉದ್ದದ ಮರಿ, ಕಣ್ಣಿಗೆ ಸರಿಯಾಗಿ ಕಾಣದ ಎಟ್ಟಿ ಮರಿ, ಏಡಿ ಮರಿ, ಎಲ್ಲ ಒಟ್ಟಿಗೆ ಬರುತ್ತವೆ. ಗಾಳಕ್ಕೆ ಸರಿಯಾಗುವುದು ಅದರಲ್ಲಿ ಹತ್ತೋ ಹದಿನೈದೋ. ಉಳಿದದ್ದನ್ನು ದಡದ ಕೆಸರಿಗೆ ಕೊಡವಿ ಹೋಗುತ್ತಾರೆ. ಕಾಗೆ ಹೆಕ್ಕಿದ್ದು ಹೆಕ್ಕಿತು, ಬಾಕಿ ಒಣಗಿ ಹೋಯಿತು.

ಬಕೆಟಿಗೆ ಹೋದದ್ದರ ಪಾಡು ಬೇರೆ. ಇಪ್ಪತ್ತು ಬೇಕಾದಲ್ಲಿ ಇನ್ನೂರು ತುಂಬಿಸುತ್ತಾರೆ. ಬಿಸಿಲಿಗೆ ನೀರು ಬಿಸಿಯಾಗುತ್ತದೆ, ಬಿಸಿ ನೀರಿನಲ್ಲಿ ಮೀನಿಗೆ ಉಸಿರಾಡುವ ಗಾಳಿ ಕಡಿಮೆ. ಗುಂಪು ಹೆಚ್ಚಾದಷ್ಟು ಅವುಗಳದ್ದೇ ಹೊಲಸಿನಿಂದ ನೀರು ಕೆಡುತ್ತದೆ. ಸ್ವಲ್ಪ ಹೊತ್ತಿನಲ್ಲಿ ಮೇಲೆ ಬಂದು ಬಾಯಿ ಬಿಡುತ್ತವೆ, ಮತ್ತೆ ಹೊಟ್ಟೆ ಮೇಲೆ ಮಾಡಿ ತೇಲುತ್ತವೆ. ಸತ್ತ ಎರೆಗೆ ದೊಡ್ಡ ಮೀನು ಬರುವುದಿಲ್ಲ ಅಂತ ಮತ್ತೆ ಬಲೆ ಹಾಕಲಿಕ್ಕೆ ಹೋಗುತ್ತಾರೆ. ಅಂದರೆ ಲೋಭ ಮಾಡಿದವನಿಗೂ ಲಾಭ ಇಲ್ಲ.

ಅಳಿವೆ ಎಂದರೆ ಬರೇ ನೀರು ಹರಿಯುವ ಬಾಯಿ ಅಂತ ಹಲವರು ತಿಳಿದಿದ್ದಾರೆ. ನಿಜವಾಗಿ ನೋಡಿದರೆ ಅದು ಕಡಲಿನ ತೊಟ್ಟಿಲು. ನಾವು ತಿನ್ನುವ ಬಿಳಿ ಎಟ್ಟಿಯನ್ನೇ ತಗೊಳ್ಳಿ. ತಾಯಿ ಎಟ್ಟಿ ಮೊಟ್ಟೆ ಇಡುವುದು ಕಡಲಿನಲ್ಲಿ. ಮರಿಗಳು ಉಬ್ಬರದ ಜೊತೆ ನದಿ ಬಾಯಿಯ ಒಳಗೆ ಬರುತ್ತವೆ. ಕಾಂಡ್ಲಾದ ಬೇರಿನ ಎಡೆಯಲ್ಲಿ, ಕೆಸರಿನಲ್ಲಿ ತಿಂದು ಬೆಳೆದು, ದೊಡ್ಡದಾದ ಮೇಲೆ ತಿರುಗಿ ಕಡಲಿಗೆ ಹೋಗುತ್ತವೆ. ಕೆಂಬೇರಿಯ ಮರಿಯೂ ಸಣ್ಣದಿರುವಾಗ ಇಂತಹ ಉಪ್ಪು ಸಿಹಿ ಬೆರೆತ ನೀರಿನಲ್ಲೇ ಇರುತ್ತದೆ. ಹಾಗಾದರೆ ಸೊಳ್ಳೆ ಪರದೆಯಲ್ಲಿ ಗೋರಿ ಕೆಸರಿಗೆ ಎಸೆದ ರಾಶಿಯಲ್ಲಿ ಯಾವುದು ಇತ್ತು? ಮೂರು ನಾಲ್ಕು ವರ್ಷ ಕಳೆದರೆ ಫೋಟೋ ತೆಗೆಯಲಿಕ್ಕೆ ಸಿಗುತ್ತಿದ್ದ ಅದೇ ಕೆಂಬೇರಿ ಇದ್ದಿರಬಹುದು. ದೊಡ್ಡ ಮೀನು ಹಿಡಿಯುವ ಆಸೆಯಲ್ಲಿ ಮುಂದಿನ ದೊಡ್ಡ ಮೀನನ್ನೇ ನಾವು ಮುಗಿಸುತ್ತಿದ್ದೇವೆ.

ಮದ್ರಸದಲ್ಲಿ ದೊಡ್ಡ ಕ್ಲಾಸಿನ ಮಕ್ಕಳು ನಮ್ಮ ಹತ್ತಿರ ಆಗಾಗ ಕೇಳುವ ಪ್ರಶ್ನೆ ಒಂದುಂಟು. “ಉಸ್ತಾದ್, ಜೀವ ಇರುವುದಕ್ಕೆ ಗಾಳ ಚುಚ್ಚಬಹುದಾ?” ಒಳ್ಳೆಯ ಪ್ರಶ್ನೆ. ಮಸ್ಅಲದ ತೀರ್ಪು ಬೇಕಾದವರು ತಮ್ಮ ಖತೀಬರ ಹತ್ತಿರ, ಖಾಝಿಗಳ ಹತ್ತಿರ ಕೇಳಿ ತಿಳಿದುಕೊಳ್ಳಲಿ, ಪತ್ರಿಕೆಯ ಅಂಕಣದಲ್ಲಿ ಫತ್ವಾ ಕೊಡುವ ಕೆಲಸ ನಮ್ಮದಲ್ಲ. ಆದರೆ ಮಕ್ಕಳಿಗೆ ನಾವು ಎರಡು ವಿಷಯ ನೆನಪಿಸುತ್ತೇವೆ. ಕಡಲಿನ ಬೇಟೆಯನ್ನು ಅಲ್ಲಾಹು ನಮಗೆ ಹಲಾಲ್ ಮಾಡಿದ್ದಾನೆ ಎಂಬುದು ಒಂದು. ಯಾವುದರಲ್ಲಿಯೂ ಒಳ್ಳೆಯ ರೀತಿಯನ್ನೇ ಪಾಲಿಸಬೇಕು, ಪ್ರಾಣಿಯನ್ನು ಕೊಯ್ಯುವಾಗ ಸಹ ಚೂರಿ ಹರಿತ ಮಾಡಿಕೊಂಡು ಅದರ ನೋವು ಕಡಿಮೆ ಮಾಡಬೇಕು ಅಂತ ಪ್ರವಾದಿಯವರು (ಸ) ಕಲಿಸಿದ್ದಾರೆ ಎಂಬುದು ಇನ್ನೊಂದು. ಜೀವ ಇರುವುದನ್ನು ಗುರಿಯಾಗಿ ನಿಲ್ಲಿಸಿ ಆಟ ಆಡುವುದನ್ನು ಅವರು ತಡೆದಿದ್ದಾರೆ. ಹೊಟ್ಟೆಗಾಗಿ ಹಿಡಿಯುವುದು ಬೇರೆ, ಬೇಡದ್ದನ್ನು ಹಿಡಿದು ಸಾಯಲು ಬಿಡುವುದು ಬೇರೆ. ಎರಡನೆಯದಕ್ಕೆ ನಮ್ಮಲ್ಲಿ ಇಸ್ರಾಫ್ ಅಂತ ಹೆಸರುಂಟು.

ಕುರ್‌ಆನಿನಲ್ಲಿ ಸೂರಃ ಅಲ್ ಅಅ್‌ರಾಫಿನಲ್ಲಿ ಬರುವ ಕಡಲ ಬದಿಯ ಊರಿನವರ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ಶನಿವಾರ ಮೀನು ಹಿಡಿಯಬಾರದು ಅಂತ ಅವರಿಗೆ ಆಜ್ಞೆ ಇತ್ತು. ಅದೇ ದಿನ ಮೀನುಗಳು ಕಣ್ಣ ಮುಂದೆ ಬರುತ್ತಿದ್ದವು, ಬೇರೆ ದಿನ ಬರುತ್ತಿರಲಿಲ್ಲ. ಕೆಲವರು ಉಪಾಯ ಮಾಡಿದರು. ಮುಂಚೆಯೇ ಬಲೆ ಕಟ್ಟಿಟ್ಟು, ಗುಂಡಿ ತೋಡಿಟ್ಟು, ಶನಿವಾರ ಕಳೆದ ಮೇಲೆ ಎತ್ತಿಕೊಂಡರು ಅಂತ ವ್ಯಾಖ್ಯಾನದವರು ವಿವರಿಸಿದ್ದಾರೆ. ಈ ಕಥೆಯಲ್ಲಿ ಆಜ್ಞೆ ಮೀರಿದವರು ಒಂದು ಗುಂಪಾದರೆ, ಬುದ್ಧಿ ಹೇಳಿದವರು ಇನ್ನೊಂದು ಗುಂಪು. ಮೂರನೆಯದೂ ಒಂದು ಉಂಟು. ಅವರು ಬುದ್ಧಿ ಹೇಳುವವರ ಹತ್ತಿರವೇ, ಇವರಿಗೆ ಯಾಕೆ ಹೇಳಲಿಕ್ಕೆ ಹೋಗುತ್ತೀರಿ ಅಂತ ಕೇಳಿದವರು. “ಉಸ್ತಾದರೇ, ಮೀನಿನ ವಿಷಯ ನಿಮಗೆ ಎಂತಕ್ಕೆ?” ಅಂತ ಕೇಳುವವರಿಗೆ ನಾವು ಈ ಮೂರನೇ ಗುಂಪನ್ನು ನೆನಪಿಸುತ್ತೇವೆ.

ಕಾನೂನಿನ ಮಾತು ಹೇಳುವುದಾದರೆ, ನಮ್ಮ ರಾಜ್ಯದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಉಂಟು. ಹಲವು ಮೀನುಗಳು ಮೊಟ್ಟೆ ಇಟ್ಟು ಸಂತಾನ ಹೆಚ್ಚಿಸುವ ಕಾಲ ಅದು. ಆದರೆ 10 ಎಚ್‌ಪಿ ಒಳಗಿನ ಮೋಟಾರ್ ಕಟ್ಟಿದ ನಾಡದೋಣಿಗಳಿಗೆ ಈ ನಿಷೇಧ ತಾಗುವುದಿಲ್ಲ. ಬಡವನ ಹೊಟ್ಟೆಪಾಡು ನಿಲ್ಲಬಾರದು ಅಂತ ಬಿಟ್ಟ ರಿಯಾಯಿತಿ ಅದು. ಹವ್ಯಾಸಕ್ಕೆ ಹೋಗುವವನೂ ಅದೇ ರಿಯಾಯಿತಿಯಲ್ಲಿ ನುಸುಳಿ ಅಳಿವೆಯನ್ನು ಗೋರಿದರೆ ಅವನನ್ನು ಹಿಡಿಯಲಿಕ್ಕೆ ಅಲ್ಲಿ ಯಾರೂ ನಿಂತಿರುವುದಿಲ್ಲ. ಯಾರೂ ನೋಡದ ಕಡೆಯಲ್ಲೇ ಅಲ್ಲವಾ ತಖ್ವಾದ ಪರೀಕ್ಷೆ?

ಎರೆಯನ್ನು ಗೌರವದಿಂದ ನೋಡುವುದು ಹೇಗೆ ಅಂತ ತಿಳಿಯಲಿಕ್ಕೆ ದೂರ ಹೋಗಬೇಕಾಗಿಲ್ಲ, ಲಕ್ಷದ್ವೀಪದವರನ್ನು ನೋಡಿದರೆ ಸಾಕು. ಅವರು ನಮಗೆ ಹೊರಗಿನವರಲ್ಲ. 1956ರಲ್ಲಿ ಕೇಂದ್ರಾಡಳಿತ ಪ್ರದೇಶ ಆಗುವ ಮೊದಲು ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ದ್ವೀಪಗಳು ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅವರ ಮಂಜಿಗಳು ಬಂದು ನಿಲ್ಲುವುದು ಮಂಗಳೂರಿನ ಹಳೆ ಬಂದರಿನಲ್ಲಿ. ದ್ವೀಪಕ್ಕೆ ಅಕ್ಕಿ, ತರಕಾರಿ, ಮನೆ ಕಟ್ಟುವ ಸಾಮಾನು ಹೋಗುವುದೂ ಅಲ್ಲಿಂದಲೇ.

ಆ ದ್ವೀಪಗಳಲ್ಲಿ ದಕ್ಷಿಣದ ತುದಿಯಲ್ಲಿರುವುದು ಮಿನಿಕಾಯ್. ಅಲ್ಲಿಯ ಭಾಷೆ ಮಹಲ್, ಮಾಲ್ಡೀವ್ಸಿನವರ ಭಾಷೆಗೆ ಹತ್ತಿರದ್ದು. ಅಲ್ಲಿಯವರ ಕಸುಬು ಕೇದರ್ ಜಾತಿಯ ಮೀನನ್ನು ಕೋಲು ಗಾಳದಿಂದ ಹಿಡಿಯುವುದು. ಅವರ ಇಡೀ ಕಸುಬು ನಿಂತಿರುವುದು ಜೀವಂತ ಎರೆಯ ಮೇಲೆ. ಬೆಳಿಗ್ಗೆ ದ್ವೀಪದ ಒಳಗಿನ ತಿಳಿ ನೀರಿನಲ್ಲಿ, ಹವಳದ ಬಂಡೆಗಳ ಹತ್ತಿರ ಬಲೆ ಹರಡಿ ಹೊಂದೆಲಿ ಎಂಬ ಬೆರಳಿಗಿಂತ ಸಣ್ಣ ಬೆಳ್ಳಿ ಮೀನನ್ನು ಹಿಡಿಯುತ್ತಾರೆ. ದೋಣಿಯ ಹೊಟ್ಟೆಯಲ್ಲಿ ಎರೆಗೆಂದೇ ಒಂದು ಕೋಣೆ ಇರುತ್ತದೆ. ಅದಕ್ಕೆ ಕಡಲಿನ ನೀರು ಒಳಗೆ ಬಂದು ಹೊರಗೆ ಹೋಗುವ ಹಾಗೆ ತೂತುಗಳಿರುತ್ತವೆ. ಆ ಮೀನು ಎಷ್ಟು ನಾಜೂಕು ಎಂದರೆ ಕೈಯಲ್ಲಿ ಹಿಸುಕಿದರೆ, ಗುಂಪು ಹೆಚ್ಚಾದರೆ ಸತ್ತು ಹೋಗುತ್ತದೆ. ಹಾಗಾಗಿ ಮಗುವನ್ನು ಎತ್ತುವ ಹಾಗೆ ಎತ್ತುತ್ತಾರೆ. ಹೊರ ಕಡಲಿನಲ್ಲಿ ಹಕ್ಕಿಗಳ ಹಿಂಡು ನೋಡಿ ಕೇದರ್ ಇರುವ ಜಾಗ ತಿಳಿದುಕೊಂಡು, ಎರೆ ಮೀನನ್ನು ಸ್ವಲ್ಪ ಸ್ವಲ್ಪವೇ ನೀರಿಗೆ ಬಿಡುತ್ತಾರೆ. ನೀರು ಚಿಮುಕಿಸಿ ಎಲ್ಲ ಕಡೆ ಸಣ್ಣ ಮೀನೇ ಕುಣಿಯುತ್ತಿರುವ ಹಾಗೆ ಭ್ರಮೆ ಹುಟ್ಟಿಸುತ್ತಾರೆ. ಕೇದರ್ ಮೇಲೆ ಬಂದಾಗ ಮುಳ್ಳಿಲ್ಲದ ಹೊಳೆಯುವ ಗಾಳದಿಂದ ಒಂದೊಂದಾಗಿ ಎತ್ತಿ ದೋಣಿಗೆ ಹಾಕುತ್ತಾರೆ. ಗಾಳಕ್ಕೆ ಎರೆ ಚುಚ್ಚುವುದೇ ಇಲ್ಲ.

ಹಾಗೆ ಹಿಡಿದ ಮೀನನ್ನು ಬೇಯಿಸಿ, ಹೊಗೆ ಕೊಟ್ಟು, ಒಣಗಿಸಿದರೆ ಮಾಸ್ ಮೀನು. 14ನೇ ಶತಮಾನದಲ್ಲಿ ನಮ್ಮ ಮಂಗಳೂರಿಗೂ ಬಂದು, ಮಾಲ್ಡೀವ್ಸಿನಲ್ಲಿ ಖಾಝಿಯೂ ಆಗಿದ್ದ ಇಬ್ನ್ ಬತೂತ ಅಲ್ಲಿಯ ಒಣ ಮೀನು ದೂರ ದೇಶಗಳಿಗೆ ಹೋಗುವುದನ್ನು ಬರೆದಿದ್ದಾರೆ. ನೂರಾರು ವರ್ಷ ಒಂದು ಸಮುದಾಯ ಈ ಕಸುಬಿನಲ್ಲಿ ಬದುಕಿತು ಅಂದರೆ ಎರೆ ಮೀನಿನ ತಾಣ ಉಳಿದದ್ದರಿಂದ. 1998, 2010, 2016ರಲ್ಲಿ ಕಡಲು ಬಿಸಿಯಾಗಿ ಅಲ್ಲಿಯ ಹವಳಗಳು ಬಿಳಿಚಿ ಸತ್ತವು. ಹವಳ ಸತ್ತರೆ ಅದರ ಆಸರೆಯ ಎರೆ ಮೀನು ಎಲ್ಲಿಗೆ ಹೋಗಬೇಕು? ಎರೆ ಸಿಗದ ದಿನ ಕಡಲು ತುಂಬ ಕೇದರ್ ಇದ್ದರೂ ದೋಣಿ ಹೊರಡುವುದಿಲ್ಲ. ದ್ವೀಪದವರಿಗೆ ಹವಳದ ಬಂಡೆ ಹೇಗೋ ನಮಗೆ ಅಳಿವೆಯ ಕಾಂಡ್ಲಾ ಮತ್ತು ಕೆಸರು ಹಾಗೆ.

ಇಲ್ಲಿ ಒಂದು ಮಾತು ಬಂದೇ ಬರುತ್ತದೆ. “ದೊಡ್ಡ ಬೋಟಿನವರು ಟನ್ನುಗಟ್ಟಲೆ ಮರಿ ಮೀನು ತಂದು ಫಿಶ್‌ಮೀಲಿಗೆ ಹಾಕುತ್ತಾರೆ, ಲೈಟ್ ಹಾಕಿ ಹಿಡಿಯುತ್ತಾರೆ. ನಮ್ಮ ಒಂದು ಬಕೆಟ್ ಯಾವ ಲೆಕ್ಕ ಮಾರಾಯ್ರೆ?” ಮಾತಿನಲ್ಲಿ ಸತ್ಯ ಇಲ್ಲ ಅಂತ ನಾವು ಹೇಳುವುದಿಲ್ಲ. ಬೆಳಕು ಹಾಕಿ ಹಿಡಿಯುವುದನ್ನೂ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರಕಾರ 2017ರಲ್ಲೇ ನಿಷೇಧಿಸಿದೆ. ಅದು ಸರಿಯಾಗಿ ಜಾರಿಯಾಗಬೇಕು, ಅದಕ್ಕೆ ಮೀನುಗಾರರ ಜೊತೆ ನಾವೂ ದನಿ ಸೇರಿಸಬೇಕು. ಆದರೆ ನಾಳೆ ಖಿಯಾಮತ್ ದಿನ ಬೋಟಿನವನ ಲೆಕ್ಕ ಬೋಟಿನವನ ಹತ್ತಿರ ಕೇಳಲಾಗುತ್ತದೆ, ನಮ್ಮ ಬಕೆಟಿನ ಲೆಕ್ಕ ನಮ್ಮ ಹತ್ತಿರ. ಅದಲ್ಲದೆ ದೊಡ್ಡ ಬೋಟುಗಳು ಅಳಿವೆಯ ಕಾಂಡ್ಲಾ ಎಡೆಗೆ ಬರುವುದಿಲ್ಲ. ಅಲ್ಲಿ ಸೊಳ್ಳೆ ಪರದೆ ಹಿಡಿದು ಇಳಿಯುವುದು ನಾವೇ, ನಮ್ಮ ಮಕ್ಕಳೇ.

ಇನ್ನೊಂದು ವಿಷಯ ನಮ್ಮ ಮನಸ್ಸಿಗೆ ಹೆಚ್ಚು ತಾಗುತ್ತದೆ. ಅಳಿವೆಯ ಸಣ್ಣ ಎಟ್ಟಿ, ಸಣ್ಣ ಮೀನು, ಮರುವಾಯಿ ಇವು ಹವ್ಯಾಸದವರಿಗೆ ಎರೆ. ಆದರೆ ನದಿ ಬದಿಯ ಎಷ್ಟೋ ಮನೆಗಳಿಗೆ ಅದೇ ಅಂದಿನ ಅನ್ನದ ಸಾರು, ಅದೇ ಅಂದಿನ ಸಂಪಾದನೆ. ಸೊಂಟದವರೆಗೆ ನೀರಿನಲ್ಲಿ ನಿಂತು ಮರುವಾಯಿ ಹೆಕ್ಕುವ ಹೆಂಗಸರು, ಒಂದು ಬೀಸು ಬಲೆಯಲ್ಲಿ ಮನೆ ಸಾಗಿಸುವ ಮುದುಕರು ನಮ್ಮ ಜಮಾಅತಿನಲ್ಲೂ ಇದ್ದಾರೆ, ನೆರೆಯ ಮೊಗವೀರರಲ್ಲೂ ಇದ್ದಾರೆ. ಕಾರಿನಲ್ಲಿ ಬಂದು, ಅವರು ದಿನಾ ಬಲೆ ಹಾಕುವ ಜಾಗವನ್ನು ಗೋರಿ, ಉಳಿದದ್ದನ್ನು ಎಸೆದು ಹೋದರೆ ಅವರಿಗೆ ಏನನಿಸಬೇಡ? ಅವರು ಬಾಯಿ ಬಿಟ್ಟು ಹೇಳಲಿಕ್ಕಿಲ್ಲ. ನೆರೆಯವರ ಹಕ್ಕಿನ ಬಗ್ಗೆ ನಾವು ಮದ್ರಸದಲ್ಲಿ ಪಾಠ ಮಾಡುತ್ತೇವೆ, ಅಳಿವೆಯ ದಡದಲ್ಲಿ ಆ ಪಾಠ ರದ್ದಾಗುವುದಿಲ್ಲ.

ನಮ್ಮ ಹುಡುಗರು ಹೊರದೇಶದಲ್ಲಿ ಎಷ್ಟು ಶಿಸ್ತು ಅಂತ ಎಲ್ಲರಿಗೂ ಗೊತ್ತು. ಅಬುಧಾಬಿಯಲ್ಲಿ ಹವ್ಯಾಸಕ್ಕೆ ಒಂದು ಗಾಳ ಹಾಕಬೇಕಾದರೂ ಪರವಾನಿಗೆ ಬೇಕು. ಅಲ್ಲಿ ದಂಡಕ್ಕೆ ಹೆದರಿ ಪರವಾನಿಗೆ ಮಾಡಿಸಿ ಕಿಸೆಯಲ್ಲಿ ಇಟ್ಟುಕೊಳ್ಳುವವರು ಊರಿಗೆ ಬಂದಾಗ ಮಾತ್ರ ಕೇಳುವವರಿಲ್ಲ ಅಂತ ಹೊರಟರೆ ಹೇಗೆ? ದಂಡಕ್ಕೆ ಹೆದರಿದ್ದು ಶಿಸ್ತು ಅನಿಸಿಕೊಳ್ಳುವುದಿಲ್ಲ.

ಎಂತ ಮಾಡಬೇಕು ಅಂತ ಕೇಳುವವರಿಗೆ ನಮ್ಮ ಮಾತು ಇಷ್ಟೇ. ಒಂದು, ಸೊಳ್ಳೆ ಪರದೆ ನೀರಿಗೆ ಇಳಿಯಬಾರದು. ಬೀಸು ಬಲೆ ಕಲಿಯಿರಿ, ಕಣ್ಣು ದೊಡ್ಡದಿರುವ ಬಲೆ ತಗೊಳ್ಳಿ, ಕಲಿಸುವ ಹಿರಿಯರು ಪ್ರತಿ ಊರಿನಲ್ಲೂ ಇದ್ದಾರೆ. ಎರಡು, ಎಷ್ಟು ಗಾಳ, ಎಷ್ಟು ಹೊತ್ತು ಅಂತ ಮೊದಲೇ ಲೆಕ್ಕ ಹಾಕಿ ಅಷ್ಟೇ ಎರೆ ಹಿಡಿಯಿರಿ. ಬಲೆಯನ್ನು ನೀರಿನ ಅಂಚಿನಲ್ಲೇ ಬಿಚ್ಚಿ, ಬೇಡದ್ದನ್ನು ಜೀವ ಇರುವಾಗಲೇ ನೀರಿಗೆ ಬಿಡಿ. ಮೂರು, ಹಿಡಿದ ಎರೆಯನ್ನು ಜೀವಂತ ಉಳಿಸಿಕೊಳ್ಳಿ. ಒಣ ಕೈಯಲ್ಲಿ ಹಿಡಿಯಬೇಡಿ. ಬಕೆಟಿಗೆ ನಳ್ಳಿಯ ನೀರು ಬೇಡ, ಎಲ್ಲಿ ಹಿಡಿದಿರೋ ಅಲ್ಲಿಯ ನೀರೇ ಆಗಬೇಕು. ನೆರಳಿನಲ್ಲಿಡಿ, ಆಗಾಗ ನೀರು ಬದಲಿಸಿ. ಬ್ಯಾಟರಿಯಲ್ಲಿ ಗಾಳಿ ಬಿಡುವ ಸಣ್ಣ ಪಂಪ್ ಅಕ್ವೇರಿಯಂ ಅಂಗಡಿಯಲ್ಲಿ ಸಿಗುತ್ತದೆ. ಅದು ಇಲ್ಲದಿದ್ದರೆ ತೂತು ಮಾಡಿದ ಡಬ್ಬ ದೋಣಿಯ ಬದಿಗೆ ಕಟ್ಟಿದರೂ ಆಯಿತು. ನಾಲ್ಕು, ಚುಚ್ಚುವಾಗ ನೋಡಿ ಚುಚ್ಚಿ. ಎಟ್ಟಿಯಾದರೆ ತಲೆಯ ಕೊಂಬಿನ ಹತ್ತಿರ, ಒಳಗೆ ಕಾಣುವ ಕಪ್ಪು ಚುಕ್ಕೆಗೆ ತಾಗದ ಹಾಗೆ, ಮೀನಾದರೆ ತುಟಿಯಲ್ಲಿ. ಎರೆ ಹೆಚ್ಚು ಹೊತ್ತು ಬದುಕುತ್ತದೆ, ಪುನಃ ಪುನಃ ಹೊಸತು ಚುಚ್ಚಬೇಕಾಗಿಲ್ಲ. ಐದು, ಮನೆಗೆ ಹೊರಡುವಾಗ ಬಕೆಟಿನಲ್ಲಿ ಉಳಿದದ್ದನ್ನು ಹಿಡಿದ ಜಾಗದಲ್ಲೇ ಬಿಟ್ಟು ಬನ್ನಿ.

ಮನೆಯ ಹಿರಿಯರ ಹತ್ತಿರವೂ ಒಂದು ಮಾತು. ಎರೆ ಹಿಡಿಯುವ ಹೊತ್ತು ಬೆಳಗ್ಗಿನ ಕತ್ತಲೆ, ಇಲ್ಲವೇ ರಾತ್ರಿ. ಅಳಿವೆ ಬಾಗಿಲಿನಲ್ಲಿ ಇಳಿತದ ಸೆಳೆತ ಗಟ್ಟಿ ಇರುತ್ತದೆ, ಮರಳಿನ ತಳ ಒಂದು ವಾರ ಇದ್ದ ಹಾಗೆ ಇನ್ನೊಂದು ವಾರ ಇರುವುದಿಲ್ಲ. ಈಜು ಬಾರದ ಮಗನನ್ನು ಬಲೆಯ ತುದಿ ಹಿಡಿಯಲಿಕ್ಕೆ ಅಂತ ಯಾರೂ ಕರೆದುಕೊಂಡು ಹೋಗಬಾರದು. ಲೈಫ್ ಜಾಕೆಟ್ ಇಲ್ಲದೆ ದೋಣಿ ಹತ್ತಬಾರದು. ರಾಡಿಗೆ ಸಾವಿರಗಟ್ಟಲೆ ಕೊಡುವವರಿಗೆ ಜಾಕೆಟಿನ ದುಡ್ಡು ಭಾರ ಆಗಬಾರದು. ಮಗ ಮೀನು ತಂದಾಗ ಎಷ್ಟು ಕಿಲೋ ಅಂತ ಕೇಳುವ ಉಮ್ಮಂದಿರು, ಎರೆ ಎಲ್ಲಿಂದ ಹಿಡಿದೆ, ಹೇಗೆ ಹಿಡಿದೆ, ಉಳಿದದ್ದನ್ನು ಎಂತ ಮಾಡಿದೆ ಅಂತಲೂ ಕೇಳಲಿ. ಆ ಮೂರು ಪ್ರಶ್ನೆಗೆ ನಾಚದೆ ಉತ್ತರ ಕೊಡಬಲ್ಲ ಮಗನ ಮೀನಿನಲ್ಲಿ ಬರ್ಕತ್ ಇರುತ್ತದೆ.

ಜಮಾಅತ್ ಕಮಿಟಿಗಳೂ ಯುವಕರ ಸಂಘಗಳೂ ಮಾಡಬಹುದಾದ ಕೆಲಸ ಉಂಟು. ಕ್ರಿಕೆಟ್, ಕಬಡ್ಡಿ ಟೂರ್ನಮೆಂಟ್ ನಡೆಸುವವರು ವರ್ಷಕ್ಕೆ ಒಂದು ದಿನ ಊರಿನ ಹಳೆಯ ಮೀನುಗಾರರನ್ನು ಕರೆಸಲಿ. ನಮ್ಮವರನ್ನೂ ಕರೆಯಲಿ, ಮೊಗವೀರ ಹಿರಿಯರನ್ನೂ ಕರೆಯಲಿ. ಬಲೆ ಎಸೆಯುವುದು, ನೀರು ಓದುವುದು, ಯಾವ ಮರಿಯನ್ನು ಬಿಡಬೇಕು ಅಂತ ಅವರಿಂದಲೇ ಕಲಿಯಲಿ. ಅಳಿವೆಯಲ್ಲಿ ಇಂತಹ ಜಾಗಕ್ಕೆ ಇಂತಹ ತಿಂಗಳಲ್ಲಿ ಬಲೆ ಹಾಕುವುದು ಬೇಡ ಅಂತ ಊರಿನವರೇ ಕೂತು ತೀರ್ಮಾನ ಮಾಡಿದರೆ ಅದಕ್ಕೆ ಸರಕಾರದ ಮುದ್ರೆ ಬೇಕಾಗುವುದಿಲ್ಲ. ಕಡಲು ನಮಗೆ ಬಾಪ ಬಿಟ್ಟು ಹೋದ ಆಸ್ತಿ ಅಂತ ತಿಳಿಯಬೇಡಿ, ಮೊಮ್ಮಕ್ಕಳದ್ದು ನಮ್ಮ ಕೈಯಲ್ಲಿರುವ ಅಮಾನತ್ ಅಂತ ತಿಳಿಯಿರಿ. ಅಮಾನತಿನಲ್ಲಿ ಸಣ್ಣದು, ದೊಡ್ಡದು ಅಂತ ಇಲ್ಲ. ಉಗುರಿನಷ್ಟು ಉದ್ದದ ಎಟ್ಟಿ ಮರಿಗೂ ಅದರಲ್ಲಿ ಪಾಲುಂಟು.